ಪಕ್ಕದ ಮನೆಯ ಮಹದೇವಮ್ಮ ಟೀಚರ್

ಮಹದೇವಮ್ಮ ಟೀಚರಿಗೆ ಮೆಲ್ಲಗೆ ಮಾತಾಡುವುದು ಗೊತ್ತೇ ಇರಲಿಲ್ಲ. ಹೆಡತಲೆ ಎಂಬ ಊರಿನ ಕಡೆಯ ಶಾಲೆಯೊಂದರಲ್ಲಿ ಮೂರು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಪಾಠ ಹೇಳಿದ ಗಂಟಲು ಅದು. ಕೆಲಸದಿಂದ ನಿವೃತ್ತರಾಗಿ ನಂಜನಗೂಡಿಗೆ ಬಂದಿದ್ದರೂ ಆ ಗಂಟಲು ಮಾತ್ರ ನಿವೃತ್ತಿ ತೆಗೆದುಕೊಂಡಿರಲಿಲ್ಲ. ಬೆಳಿಗ್ಗೆ ಅವರು ಸೊಪ್ಪಿನವಳ ಜೊತೆ ಚೌಕಾಸಿಗೆ ನಿಂತರೆ, ಇವತ್ತು ದಂಟು ಎಳೆಯದೋ ಬಲಿತದ್ದೋ ಎಂಬುದು ಬೀದಿಯ ಕೊನೆಯ ಮನೆಗೂ ತಿಳಿಯುತ್ತಿತ್ತು.

ನಾವು ಅವರ ಪಕ್ಕದ ಮನೆಗೆ ಬಾಡಿಗೆಗೆ ಬಂದಾಗ ನನ್ನ ಮಗ ಮನು ಇನ್ನೂ ಅಂಬೆಗಾಲಿಡುತ್ತಿದ್ದ. ನನಗೆ ತಾಂಡವಪುರದ ಕಾರ್ಖಾನೆಯೊಂದರ ಆಫೀಸಿನಲ್ಲಿ ಕೆಲಸ. ನನ್ನ ಗಂಡನದು ಊರೂರು ಸುತ್ತುವ ಕೆಲಸ. ಹೆರಿಗೆ ರಜೆಯ ಮೇಲೆ ಹಾಕಿದ್ದ ರಜೆಗಳೂ ಮುಗಿದು, ಮಗುವನ್ನು ಎಲ್ಲಿ ಬಿಡುವುದೋ ತಿಳಿಯದೆ ಹಿತ್ತಲ ಮೆಟ್ಟಿಲ ಮೇಲೆ ಅಳುತ್ತ ಕೂತಿದ್ದೆ. ಕಾಂಪೌಂಡಿನ ಆಚೆಯಿಂದ ಕೂಗು ಬಂತು.

"ಅಳೋದ್ಯಾಕವ್ವ? ನಾನೇನ್ ಸತ್ತೋಗಿದ್ದೀನಾ? ಕೊಡಿಲ್ಲಿ ಮಗೀನ."

ಅವತ್ತಿನಿಂದ ಮನು ಹಗಲೆಲ್ಲ ಅವರ ಮನೆಯಲ್ಲೇ ಬೆಳೆದ. ಟೀಚರಿಗೆ ಮಕ್ಕಳಿರಲಿಲ್ಲ, ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮೊಳಕೆ ಕಟ್ಟಿದ ರಾಗಿಯನ್ನು ತಾವೇ ಒಣಗಿಸಿ, ಬೀಸಿ, ಅವನಿಗೆ ರಾಗಿ ಸರಿ ಕಾಯಿಸಿ ಕುಡಿಸುತ್ತಿದ್ದರು. ಅವರೆಕಾಯಿ ಕಾಲದಲ್ಲಿ ಮೊರದ ತುಂಬ ಕಾಯಿ ಸುರಿದು, "ಬುಡ್ಸ್ಲಿ ಬುಡು, ಬೆರಳ್ಗೆ ಬುದ್ಧಿ ಬತ್ತದೆ" ಅನ್ನುತ್ತಿದ್ದರು. ಭಾನುವಾರ ಕಪಿಲೆಯ ದಡಕ್ಕೆ ಕರೆದೊಯ್ದು ಬರಿಗಾಲಲ್ಲಿ ಮರಳಿಗೆ ಬಿಡುತ್ತಿದ್ದರು. ಒಮ್ಮೆ ನಾನು ಆಸೆಪಟ್ಟು ಗಾಲಿ ಇರುವ ವಾಕರ್ ತಂದಾಗ ಅದನ್ನು ಎತ್ತಿ ಅಟ್ಟಕ್ಕೆ ಹಾಕಿಬಿಟ್ಟರು. "ಬೀಳ್ಲಿ ಕಣವ್ವ. ಬಿದ್ದ ಮಗೀನ ಎತ್ತೋಕ್ ಓಗ್ಬ್ಯಾಡ, ಏಳೋದ್ನ ಕದ್ದಂಗಾಯ್ತದೆ." ಮನು ಬಿದ್ದ, ಎದ್ದ, ನಡೆದ. ಅವನ ಕಾಲಲ್ಲಿ ಶಕ್ತಿ ಕೂಡಿದ್ದೇ ಅವರ ಕೈಯಿಂದ ಎಂದು ನಾನು ಆಫೀಸಿನಲ್ಲೆಲ್ಲ ಹೇಳಿಕೊಂಡು ಬಂದೆ.

ಮಾತು ಮಾತ್ರ ಬರಲಿಲ್ಲ. ಓರಗೆಯ ಮಕ್ಕಳು ಅಮ್ಮ, ತಾತ, ಬೌ ಬೌ ಅನ್ನುತ್ತಿದ್ದರೆ ಇವನು ಗಂಟಲಲ್ಲಿ ಏನೋ ಸದ್ದು ಮಾಡಿ ನಗುತ್ತಿದ್ದ. ಡಾಕ್ಟರಿಗೆ ತೋರಿಸಲೇ ಎಂದು ಎಷ್ಟೋ ಸಲ ಕೇಳಿದೆ. ಕೇಳಿದಾಗಲೆಲ್ಲ ಟೀಚರ್ ನಕ್ಕುಬಿಡುತ್ತಿದ್ದರು. "ಗಂಡ್ ಮಕ್ಳಿಗೆ ಮಾತು ನಿಧಾನ ಕಣವ್ವ. ನಂ ಸ್ಕೂಲಲ್ಲಿ ಎಂತೆಂತವ್ರ್ನ ನೋಡಿವ್ನಿ. ಒಂದಿನ ಬಾಯ್ ಬುಟ್ರೆ ನೀನೇ ಸಾಕಪ್ಪ ಸಾಕು ಅಂತೀಯ." ಅಷ್ಟು ಮಕ್ಕಳನ್ನು ಕಂಡವರು ಹೇಳಿದ ಮೇಲೆ ನನಗೇನು ಅನುಮಾನ? ಸಂಜೆ ನಾನು ಬಾಗಿಲಲ್ಲಿ ನಿಂತು "ಮನೂ" ಎಂದರೆ ಅವನು ಅವರ ತೊಡೆಯಿಂದ ತಿರುಗಿ ನೋಡಿ ಓಡಿ ಬರುತ್ತಿದ್ದನಲ್ಲ. ಮನೆಯಲ್ಲೂ ಅವನ ಕಣ್ಣು ಸದಾ ನನ್ನ ಮುಖದ ಮೇಲೇ ಇರುತ್ತಿತ್ತು.

ಒಂದು ಮಧ್ಯಾಹ್ನ ಆಫೀಸಿನಲ್ಲಿ ಕರೆಂಟು ಹೋಗಿ ಬೇಗ ಬಿಟ್ಟರು. ಟೀಚರ ಮನೆಯ ಕಿಟಕಿ ತೆರೆದಿತ್ತು. ಮನು ಅಡುಗೆಮನೆಗೆ ಬೆನ್ನು ಹಾಕಿ ಡಬ್ಬಗಳನ್ನು ಜೋಡಿಸುತ್ತಿದ್ದ. ಕುಕ್ಕರ್ ಕೂಗಿತು. ನಾನೇ ಬೆಚ್ಚಿದೆ, ಅವನು ತಿರುಗಲಿಲ್ಲ. ಟೀಚರ್ ಬಂದು ನೆಲಕ್ಕೆ ಅಂಗೈಯಿಂದ ಎರಡೇಟು ಹಾಕಿದರು. ಅವನು ತಟ್ಟನೆ ತಿರುಗಿದ. ಅವರು ಬೆರಳು ಬಾಯಿಗೆ ತಂದು ಊಟವೇ ಎಂದು ಸನ್ನೆ ಮಾಡಿದರು. ಅವನು ಹೊಟ್ಟೆ ಸವರಿಕೊಂಡ. ಕೈಯಲ್ಲೇ ಇನ್ನೂ ಏನೇನೋ ಕೇಳಿದರು. ಅವನು ಕೈಯಲ್ಲೇ ಹೇಳಿದ. ಇಡೀ ಬೀದಿಗೆ ಕೇಳುವಂತೆ ಮಾತಾಡುವ ಹೆಂಗಸು ನನ್ನ ಮಗನ ಜೊತೆ ಬಾಯಿ ತೆರೆಯುತ್ತಲೇ ಇರಲಿಲ್ಲ.

ನಾನು ಒಳಗೆ ಹೋಗಿ ಕೇಳಿದೆ: "ಟೀಚರ್, ಇವನಿಗೆ ಕಿವಿ ಕೇಳಲ್ವಾ?"

ಅವರು ಮಣೆ ಎಳೆದು ಹಾಕಿದರು. "ಕುಂತ್ಕೊ ಬಾರವ್ವ."

"ಯಾವಾಗಿಂದ ಗೊತ್ತು ನಿಮಗೆ?"

"ನಡಿಯೋಕ್ ಕಲ್ತಾಗ್ಲೇ."

"ಮತ್ತೆ ಯಾಕ್ ಹೇಳ್ಲಿಲ್ಲ?"

ಅವರು ಸೆರಗನ್ನು ಬೆರಳಿಗೆ ಸುತ್ತಿಕೊಂಡರು. "ಏಳಿದ್ರೆ ನೀನು ಕೆಲ್ಸ ಬುಟ್ಟು, ಮೈಸೂರು, ಆಸ್ಪತ್ರೆ ಅಂತ ಮಗೀನ ಎತ್ಕೊಂಡ್ ಒಂಟೋಯ್ತಿದ್ದೆ. ನಾಳೆ ಏಳವಾ, ನಾಳೆ ಏಳವಾ ಅಂದ್ಕೊಂಡೆ. ನಾಳೆ ಬರ್ಲೇ ಇಲ್ಲ ಕಣವ್ವ."

ಆಗ ನನಗೆ ಸಂಜೆಗಳೆಲ್ಲ ನೆನಪಾದವು. ನಾನು ಬಾಗಿಲಲ್ಲಿ ಕರೆದಾಗಲೆಲ್ಲ ಅವರ ಕೈ ಅವನ ಬೆನ್ನ ಮೇಲೇ ಇರುತ್ತಿತ್ತು. ನಾನು ಕರೆಯುತ್ತಿದ್ದೆ, ಅವರ ಬೆರಳು ತಟ್ಟುತ್ತಿತ್ತು, ನನ್ನ ಮಗ ತಿರುಗುತ್ತಿದ್ದ. ಮುಚ್ಚಿಟ್ಟಿದ್ದು ಅಷ್ಟು ನೋಯಲಿಲ್ಲ. ದಿನಾ ನನ್ನ ಕಣ್ಣೆದುರಿಗೇ ಆ ಬೆರಳು ಆಡಿದ್ದು ನೋಯಿತು.

ಮೈಸೂರಿನಲ್ಲಿ ಪರೀಕ್ಷೆ ಮಾಡಿದವರು ಎರಡೂ ಕಿವಿಗೆ ಮಿಷನ್ ಹಾಕಿಸಿ, ಮಾತಿನ ತರಬೇತಿಗೆ ಬರಲು ಹೇಳಿದರು. "ಇದನ್ನ ಮೊದಲೇ ಯಾರೂ ಗಮನಿಸ್ಲಿಲ್ವಾ?" ಎಂದು ಕೇಳಿದರು. ನನ್ನ ಗಂಡ ನನ್ನ ಮುಖ ನೋಡಿದರು. ಆ ತಿಂಗಳೇ ಕೆಲಸ ಬಿಟ್ಟು, ಮನೆ ಖಾಲಿ ಮಾಡಿ, ಟಿ. ನರಸೀಪುರದ ತವರಿಗೆ ಬಂದೆ. ಸಾಮಾನು ಏರಿಸುವಾಗ ಟೀಚರ್ ಗೇಟಿನ ಹತ್ತಿರ ನಿಂತಿದ್ದರು. ನಾನು ಮನುವಿನ ಮುಖವನ್ನು ಹೆಗಲಿಗೆ ಒತ್ತಿಕೊಂಡು ಆಟೋ ಹತ್ತಿದೆ.

ಮುಂದಿನ ಬೇಸಿಗೆಯಲ್ಲಿ ಒಂದು ದಿನ, ಹತ್ತಿರದ ಹೆಮ್ಮಿಗೆಗೆ ನೆಂಟರ ಮದುವೆಗೆಂದು ಬಂದ ಟೀಚರ್ ವಿಳಾಸ ಕೇಳಿಕೊಂಡು ನಮ್ಮ ಮನೆಗೆ ಬಂದರು. ಸೊರಗಿ ಇಳಿದುಹೋಗಿದ್ದರು. ಕೈಯಲ್ಲಿ ರಸಬಾಳೆ ಹಣ್ಣಿನ ಚಿಪ್ಪು. ನಾನು ಬಾಗಿಲಿಗೆ ಅಡ್ಡ ನಿಂತೆ. ಒಳಗೆ ಮನು ನಮ್ಮಮ್ಮನ ಜೊತೆ ಆಡುತ್ತಿದ್ದ.

"ಮಾತು ಬಂತಾ?" ಅಂದರು.

"ಬರ್ತಿದೆ."

"ನಿನ್ನ ಏನಂತ ಕರೀತಾನೆ?"

"ಅಮ್ಮ ಅಂತ."

"ಜೋರಾಗಿ ಕರೀತಾನಾ?"

ನಾನು ಹೂಂ ಎಂದು ತಲೆಯಾಡಿಸಿದೆ. ಅವರು ಚಪ್ಪಲಿ ಬಿಡದೆ ಹಾಗೇ ನಿಂತಿದ್ದರು. ಒಳಗಿನಿಂದ ಅವನ ದನಿ ಒಮ್ಮೆ ಕೇಳಬಹುದೆಂದು ಕಾಯುತ್ತಿದ್ದಾರೆಂಬುದು ನನಗೆ ತಿಳಿಯಿತು. ಕರೆದಿದ್ದರೆ ಮನು ಓಡಿ ಬರುತ್ತಿದ್ದ. ಈಗ ಅವನಿಗೆ ನನ್ನ ಕರೆ ಕೇಳುತ್ತಿತ್ತು. ನಾನು ಕರೆಯಲಿಲ್ಲ. ಅವರು ಬಾಳೆಹಣ್ಣನ್ನು ಜಗುಲಿಯ ಮೇಲಿಟ್ಟು, ಬಿಸಿಲಿನಲ್ಲಿ ಬಸ್ ಸ್ಟ್ಯಾಂಡಿನ ಕಡೆ ನಡೆದರು.

ಮತ್ತೆ ಅವರನ್ನು ನಾನು ನೋಡಿಲ್ಲ. ಮನು ಗಟ್ಟಿಮುಟ್ಟಾದ ಕಾಲಲ್ಲಿ ಅಂಗಳವೆಲ್ಲ ಓಡುವಾಗ ಅವರ ಮೇಲೆ ಪ್ರೀತಿ ಉಕ್ಕುತ್ತದೆ. ಅವನು "ಪಾತ್ರೆ" ಅನ್ನಲು ಹೋಗಿ "ಆತೆ" ಎಂದು ತಡವರಿಸಿ ನನ್ನ ತುಟಿಯನ್ನೇ ನೋಡುತ್ತ ನಿಂತಾಗ ಆ ಪ್ರೀತಿ ಅಲ್ಲೇ ಸತ್ತುಹೋಗುತ್ತದೆ.