ಹಗಲೆಲ್ಲ ಮನೆಯಲ್ಲಿ ಯಾರಿರುತ್ತಾರೆ?

ಮಗಳು ನಾಯಿಮರಿ ಬೇಕೆಂದು ಕೇಳತೊಡಗಿ ಒಂದು ವರ್ಷವೇ ಆಗಿತ್ತು. ನಾನು ಕೊಟ್ಟೂರಿನಲ್ಲಿ ಕಚೇರಿಯೊಂದರ ಗುಮಾಸ್ತೆ, ನನ್ನ ಗಂಡ ಕೂಡ್ಲಿಗಿ ಕಡೆಯ ಶಾಲೆಯಲ್ಲಿ ಮೇಷ್ಟ್ರು. ಬೆಳಿಗ್ಗೆ ಹೊರಟರೆ ಸಂಜೆಯೇ ಮನೆ. ಹಗಲು ಮನೆಯಲ್ಲಿರುವವರು ನನ್ನ ಅತ್ತೆ ಒಬ್ಬರೇ. ಅವರೋ, ಎದುರಿಗೆ ನಾಯಿ ಬಂದರೆ ಬೇರೆ ಓಣಿ ಹಿಡಿದು ಮನೆ ಸೇರುವವರು. ಹಾಗಾಗಿ ಆ ಮಾತನ್ನು ನಾವು ಅವರ ಕಿವಿಗೆ ಹಾಕದೆ ಮುಂದೂಡುತ್ತ ಬಂದಿದ್ದೆವು.

ಪರೀಕ್ಷೆ ಮುಗಿದ ಮೇಲೆ ಮಗಳ ಹಟ ಜೋರಾಯಿತು. ಗಂಡನ ಫೋನಿಗೆ ಯಾರೋ ಮರಿಗಳ ಫೋಟೋ ಕಳಿಸಿದ್ದರು. ಬಿಳಿ ಉಣ್ಣೆಯ ಉಂಡೆಯಂಥವು. ಭಾನುವಾರ ಮೂವರೂ ಕಾನಹೊಸಹಳ್ಳಿಗೆ ಹೋದೆವು. ಹೆದ್ದಾರಿಯ ಬದಿ, ಪಂಕ್ಚರ್ ಅಂಗಡಿಯ ಪಕ್ಕ ಒಬ್ಬ ವ್ಯಾನು ನಿಲ್ಲಿಸಿಕೊಂಡಿದ್ದ. ಹಿಂದೆ ತಂತಿಯ ಪಂಜರ. ಅದರೊಳಗೆ ಮರಿಗಳು ಒಂದರ ಮೇಲೊಂದು ಬಿದ್ದು ಏದುತ್ತಿದ್ದವು. ಒಂದನ್ನು ಎತ್ತಿ ಮಗಳ ಕೈಗಿಟ್ಟ. ಅದಕ್ಕೆ ನೆಟ್ಟಗೆ ನಿಲ್ಲಲೂ ಬರುತ್ತಿರಲಿಲ್ಲ.

"ಇದರ ತಾಯಿ ಎಲ್ಲೈತ್ರಿ?" ಎಂದು ಕೇಳಿದೆ.

"ತಾಯಿ ದೂರ ಐತ್ರಿ ಮೇಡಂ. ತಾಯಿ ತಗೊಂಡು ಏನ್ ಮಾಡ್ತೀರಿ? ಮರಿ ನೋಡ್ರಿ."

ಮಗಳು ಅದನ್ನು ಎದೆಗೆ ಒತ್ತಿಕೊಂಡಿದ್ದಳು. "ಅಮ್ಮ, ಇಲ್ಲೇ ಬಿಟ್ರ ಇದು ಸತ್ತು ಹೋಗತೈತಿ" ಅಂದಳು. ನನಗೂ ಹಾಗೇ ಅನಿಸಿತು. ಆದರೆ ನಾವು ಒಂದನ್ನು ಕೊಂಡರೆ ಅದೇ ಜಾಗಕ್ಕೆ ಅವನು ಇನ್ನೊಂದನ್ನು ತಂದು ತುಂಬುತ್ತಾನೆ. ಮರಿಯನ್ನು ಮಗಳ ಕೈಯಿಂದ ಬಿಡಿಸಿ ಪಂಜರದಲ್ಲಿ ಇಟ್ಟೆ. ದಾರಿಯುದ್ದಕ್ಕೂ ಅವಳು ಅತ್ತಳು. ನಾನು ಅವಳ ಬೆನ್ನ ಮೇಲೆ ಕೈಯಿಟ್ಟು ಕೂತೆ.

ಮರುದಿನ ದನದ ದವಾಖಾನೆಗೆ ಹೋಗಿ ಡಾಕ್ಟರರಿಗೆ ಆ ಪಂಜರದ ವಿಷಯ ತಿಳಿಸಿದೆ. ಮೇಲಿನವರಿಗೆ ಹೇಳುತ್ತೇನೆಂದು ಅವರು ಒಪ್ಪಿಕೊಂಡರು. "ತಾಯಿನ್ನ ಕಣ್ಣಾರೆ ನೋಡದ ಮರಿ ತರಬ್ಯಾಡ್ರಿ, ಎರಡು ತಿಂಗಳಾದ್ರೂ ತಾಯಿ ಜೊತಿಗೆ ಇದ್ದಿರಬೇಕು" ಎಂದು ಹೇಳಿ, ತಂಬ್ರಹಳ್ಳಿಯಲ್ಲಿ ಕುರಿ ಸಾಕುವ ಮನೆಯೊಂದರ ಗುರುತು ಕೊಟ್ಟರು. ಅಲ್ಲಿನ ನಾಯಿ ಮರಿ ಹಾಕಿತ್ತಂತೆ.

ಮುಂದಿನ ವಾರ ಅಲ್ಲಿಗೆ ಹೋದೆವು. ಕುರಿಹಟ್ಟಿಯ ನೆರಳಿನಲ್ಲಿ ಕಂದು ಬಣ್ಣದ ತಾಯಿ ಮಲಗಿತ್ತು, ಮರಿಗಳು ಅದರ ಕಿವಿ ಜಗ್ಗುತ್ತಿದ್ದವು. ಬಿಳಿ ಕಾಲಿನ ಒಂದು ಮರಿ ನೇರ ಮಗಳ ಹತ್ತಿರ ಬಂತು. ಅವಳ ಮುಖ ಅರಳಿತು. ಮನೆಯಾಕೆ ನಮಗೆ ಮಜ್ಜಿಗೆ ಕೊಟ್ಟು, ಎದುರಿಗೆ ಕೂತು ವಿಚಾರಿಸಿದರು.

"ಹಗಲೆಲ್ಲ ಮನ್ಯಾಗ ಯಾರಿರ್ತೀರಿ?"

"ನಮ್ಮತ್ತಿ ಇರ್ತಾರ್ರಿ."

"ಅವರ್ಯಾಕ ಬಂದಿಲ್ಲ?"

ಗಂಡ ನನ್ನ ಮುಖ ನೋಡಿದರು. "ಅವರಿಗೆ ನಾಯಿ ಅಂದ್ರ ಅಂಜಿಕಿ" ಎಂದೆ.

"ಹಂಗಾದ್ರ ಕೊಡಂಗಿಲ್ಲವ್ವ. ಸಿಟ್ಟಾಗಬ್ಯಾಡ. ಮರಿ ಇರೋದು ಅವರ ಕೂಡ. ಅವರು ಹ್ಞೂಂ ಅಂದ್ರ ಬರ್ರಿ."

ಸಪ್ಪೆ ಮೋರೆ ಹಾಕಿಕೊಂಡು ಬಂದ ನಮ್ಮನ್ನು ನೋಡಿ ಅತ್ತೆ ವಿಷಯವೇನೆಂದು ಕೇಳಿದರು. ಮಗಳು ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟಳು. ಅತ್ತೆ ಶೇಂಗಾ ಸುಲಿಯುವುದನ್ನು ನಿಲ್ಲಿಸಿದರು. ಚಿಕ್ಕವರಿದ್ದಾಗ ಬಾವಿಯ ದಾರಿಯಲ್ಲಿ ನಾಯಿ ಕಚ್ಚಿದ್ದು, ಅಪ್ಪ ಹೆಗಲ ಮೇಲೆ ಹೊತ್ತು ಬಳ್ಳಾರಿಗೆ ಕರೆದೊಯ್ದಿದ್ದು, ಹೊಟ್ಟೆಯ ಸುತ್ತ ಸೂಜಿ ಚುಚ್ಚಿಸಿಕೊಂಡಿದ್ದು, ಇದನ್ನೆಲ್ಲ ಅವರು ಬಾಯಿಬಿಟ್ಟು ಹೇಳಿದ್ದು ಅಂದೇ ಮೊದಲು.

"ಆ ಹೆಣ್ಮಗಳು ನನ್ನ ಮುಖಾನೂ ನೋಡಿಲ್ಲ, ಆಕಿ ನನ್ನ ಒಪ್ಪಿಗಿ ಕೇಳ್ಯಾಳ" ಎಂದರು. ಮಡಿಲಿನ ಸಿಪ್ಪೆ ಕೊಡವಿ ಎದ್ದು, "ನೋಡಿ ಬರಾಕ ಏನಾಗತೈತಿ, ನಡೀರಿ ಹೋಗೋಣು" ಎಂದರು.

ಹೀಗೆ ಎರಡನೇ ಸಲ ತಂಬ್ರಹಳ್ಳಿಗೆ ಹೋದೆವು. ಅತ್ತೆ ಸೀರೆ ಒತ್ತಿ ಹಿಡಿದುಕೊಂಡು, ಕಾಲು ಮೇಲೆಳೆದುಕೊಂಡು ಕಟ್ಟೆಯ ಮೇಲೆ ಕೂತರು. ಬಿಳಿ ಕಾಲಿನ ಮರಿ ಕುಣಿಯುತ್ತ ಬಂದರೆ ಅವರು ಗೋಡೆಗೆ ಆತುಕೊಂಡರು. ಮನೆಯಾಕೆ ಮರಿಯನ್ನು ದೂರ ಸರಿಸಿ, ಬಲವಂತ ಮಾಡದೆ ಕುರಿ, ಮಳೆ, ಮನೆದೇವರ ಮಾತು ತೆಗೆದರು. ನನ್ನ ಮನಸ್ಸಿನಲ್ಲಿ ಇದು ಆಗದ ಕೆಲಸವೆಂದು ಖಾತ್ರಿಯಾಗಿತ್ತು.

ಆಗ ಅತ್ತೆಯ ಕಣ್ಣು ಹಗ್ಗದ ಹೊರಸಿನ ಮಂಚದ ಕೆಳಗೆ ಹೋಯಿತು. ಅರ್ಧ ಬೆಳೆದ ಒಂದು ನಾಯಿ ಅಲ್ಲಿ ಮುದುಡಿಕೊಂಡು ನಮ್ಮನ್ನೇ ನೋಡುತ್ತಿತ್ತು.

"ಅದ್ಯಾಕ ಅಲ್ಲಿ ಹೊಕ್ಕೊಂಡೈತಿ?"

"ಹಿಂದಿನ ಸೂಲಿನ ಮರಿ. ಹರಪನಹಳ್ಳಿ ಕಡಿಯೋರು ಪ್ರೀತಿಲೆ ಒಯ್ದ್ರು. ದೊಡ್ಡದಾದ ಮ್ಯಾಲ ಬಸ್ ಸ್ಟ್ಯಾಂಡಿನ್ಯಾಗ ಬಿಟ್ಟು ಹೋಗ್ಯಾರ. ನನ್ನ ಮಗ ಕಂಡು ತಂದ. ಮಂದಿ ಅಂದ್ರ ಅಂಜತೈತಿ, ಯಾರ ಹತ್ರಾನೂ ಬರಂಗಿಲ್ಲ."

ಅತ್ತೆ ಬಹಳ ಹೊತ್ತು ಅದನ್ನೇ ನೋಡಿದರು. "ಮೈಮ್ಯಾಲ ಬರಂಗಿಲ್ಲೇನು ಇದು?"

"ಇಲ್ರಿ. ಅದರ ಪಾಡಿಗೆ ಅದು."

"ಹಂಗಾದ್ರ ಇದನ್ನ ಕೊಡ್ರಿ. ಇದು ನನ್ನ ಮುಟ್ಟೋದು ಬ್ಯಾಡ, ನಾ ಇದನ್ನ ಮುಟ್ಟೋದು ಬ್ಯಾಡ. ಇಬ್ರೂ ಇರ್ತೀವಿ."

ಮಗಳ ಕಣ್ಣು ಬಿಳಿ ಕಾಲಿನ ಮರಿಯ ಮೇಲೇ ಇತ್ತು. ಆ ಹೊತ್ತು ಅವಳ ಮೇಲೆ ನನಗೆ ಬಂದಷ್ಟು ಕನಿಕರ ಮತ್ತೆಂದೂ ಬಂದಿಲ್ಲ. ಒಂದು ವರ್ಷ ಕಾದವಳು. ಮನೆಯಾಕೆಯೇ ಅವಳ ತಲೆ ಸವರಿ, "ಮರಿಗೆ ಮನಿ ಸಿಗತಾವು ತಾಯಿ. ಇದಕ್ಕ ಸಿಗೋದು ಕಷ್ಟ" ಎಂದರು. ಅವಳು ಹೊರಡುವಾಗ ಹೊರಸಿನ ಬಳಿ ಕೂತು, ಕೈ ಚಾಚದೆ, "ಬರ್ತಿಯೇನು?" ಎಂದು ಕೇಳಿದಳು.

ಅದನ್ನು ಮನೆಗೆ ತರುವ ಮುಂಚೆ ಡಾಕ್ಟರರಿಂದ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿದೆವು. ಮೊದಮೊದಲು ಅದು ಬಚ್ಚಲ ಹಿಂದಿನಿಂದ ಹೊರಗೇ ಬರಲಿಲ್ಲ. ಅತ್ತೆ ರೊಟ್ಟಿ ಹಾಲಿನಲ್ಲಿ ನೆನೆಸಿ, ಬಟ್ಟಲನ್ನು ಕೋಲಿನಿಂದ ಅದರ ಕಡೆ ತಳ್ಳುತ್ತಿದ್ದರು. ಮಳೆಗಾಲ ಬರುವ ಹೊತ್ತಿಗೆ ಕೋಲು ಬಿಟ್ಟರು. ಮಗಳಿಗೆ ಅದು ಮೈ ಸವರಲು ಬಿಟ್ಟಿದ್ದು ಶ್ರಾವಣದಲ್ಲಿ. ಅಂದು ಅವಳು ಬಾಗಿಲಲ್ಲೇ ನನ್ನನ್ನು ತಡೆದು ಪಿಸುಗುಟ್ಟಿ ಹೇಳಿದಳು, ಜೋರಾಗಿ ಹೇಳಿದರೆ ಎಲ್ಲಿ ಅದು ಬೆದರುತ್ತದೋ ಎಂದು.

ಅತ್ತೆ ಈಗಲೂ ಅದನ್ನು ಮುಟ್ಟಿಲ್ಲ. ನಾವಿಲ್ಲದ ಹಗಲಿನಲ್ಲಿ ಅದರೊಂದಿಗೆ ಮಾತಾಡುತ್ತಾರಂತೆ, ಪಕ್ಕದ ಮನೆಯವರು ಹೇಳುತ್ತಾರೆ. ಏನು ಮಾತೆಂದು ನಾನು ಕೇಳಲು ಹೋಗಿಲ್ಲ.