ಹಲ್ಡಾಳ ಮುಖ, ಲಿಡಿಯಾಳ ಹೆಸರು

ಊರು ಇನ್ನೂ ಲಂಡನ್ನಿನ ದೊರೆಗೆ ತಲೆಬಾಗುತ್ತಿದ್ದ ಕಾಲ. ಅಮೆರಿಕದ ಕಡಲತೀರದ ನ್ಯೂಪೋರ್ಟಿನ ಹಾಲ್ಕೋಂಬ್ ಮನೆತನದವರಿಗೆ ಗೋಡೆಯ ಮೇಲೆ ತಮ್ಮನ್ನು ತಾವೇ ನೋಡಿಕೊಳ್ಳುವ ಹುಚ್ಚು ವಿಪರೀತ. ಹಡಗಿನ ಒಡೆಯರು, ಅವರ ತಂದೆ, ತಂದೆಯ ತಂದೆ ಎಲ್ಲರೂ ನಡುಮನೆಯ ಚಿತ್ರಪಟಗಳಲ್ಲಿ ಸಾಲಾಗಿ ನಿಂತು ಬಂದವರನ್ನು ದುರುಗುಟ್ಟಿ ನೋಡುತ್ತಿದ್ದರು. ಅವರಲ್ಲಿ ಈಗಿನವರ ಅಂಗಿ, ಕಸೂತಿ, ಅಷ್ಟನ್ನೂ ಹೊಲಿದವಳು ಡಾರ್ಕಸ್ ಎಂಬ ವಿಧವೆ. ಹನ್ನೊಂದು ವರ್ಷದಿಂದ ಆ ಮನೆಯ ಹೊಲಿಗೆ, ಮಕ್ಕಳ ಆರೈಕೆ ಅವಳದೇ. ಅವಳ ಚಿತ್ರವನ್ನು ಯಾರು ತಾನೇ ಬರೆಸುತ್ತಾರೆ?

ಆ ಚಳಿಗಾಲ ಗಂಟಲುಬೇನೆ ಬಂದು ಮನೆಯ ಏಳು ವರ್ಷದ ಲಿಡಿಯಾಳನ್ನು ಮೂರೇ ದಿನಕ್ಕೆ ಒಯ್ದಿತು. ವಸಂತದಲ್ಲಿ ಅವಳ ಚಿತ್ರ ಬರೆಯಲು ಚಿತ್ರಗಾರ ಟಿಲ್ಡನ್ ಬಂದ. ಸತ್ತ ಮಗುವನ್ನು ಅವನು ಕಂಡವನಲ್ಲ. ಅದೇ ವಯಸ್ಸಿನ ಹುಡುಗಿಯೊಬ್ಬಳು ಎದುರಿಗೆ ಕೂತರೆ ಸಾಕು ಎಂದ. ಲಿಡಿಯಾಳ ತಾಯಿ, ಮನೆಯ ಅಮ್ಮನವರ ಕಣ್ಣು ಡಾರ್ಕಸಳ ಮಗಳು ಹಲ್ಡಾಳ ಮೇಲೆ ಬಿತ್ತು. ಉಂಡ ಮನೆ, ಇಲ್ಲ ಅನ್ನಲು ಡಾರ್ಕಸಳಿಗೆ ಬಾಯಿ ಬರಲಿಲ್ಲ.

ಲಿಡಿಯಾಳ ನೀಲಿ ರೇಷ್ಮೆ ಅಂಗಿಯನ್ನು ಮಗಳಿಗೆ ತೊಡಿಸಿ ಚಿತ್ರಗಾರನ ಎದುರಿಗೆ ಕೂರಿಸಿದಳು. ನಾಲ್ಕನೆಯ ದಿನ ಟಿಲ್ಡನ್ ಚಿತ್ರದ ಹುಡುಗಿಯ ಕೈಗೆ ದಂಟು ಮುರಿದ ಗುಲಾಬಿ ಬರೆದ. ಅದರರ್ಥ ಆ ಊರಲ್ಲಿ ಕೂಸಿಗೂ ಗೊತ್ತು: ಮುರಿದ ಹೂ ಹಿಡಿದ ಮಗು ಮಣ್ಣಿಗೆ ಹೋದ ಮಗು. ಬದುಕಿರುವ ಮಗಳ ಮುಖ, ಕೈಯಲ್ಲಿ ಸಾವಿನ ಗುರುತು! ಆಮೇಲೆ ಡಾರ್ಕಸಳಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಹೊಲಿಯಲು ಹೋಗಿ ಬೆರಳು ಚುಚ್ಚಿಕೊಂಡಳು. ಹಲ್ಡಾ ಒಂದು ಸೀನು ಸೀನಿದರೂ ಓಡಿಹೋಗಿ ಬಾಯಿ ತೆರೆಸಿ ಗಂಟಲು ನೋಡುತ್ತಿದ್ದಳು.

ಹೂವನ್ನು ನೆಟ್ಟಗೆ ಮಾಡಿ ಎಂದು ಟಿಲ್ಡನ್‌ನನ್ನು ಅಂಗಲಾಚಿದಳು. ಮನೆಯವರು ಹೇಳಿದ್ದನ್ನು ಬರೆಯುವವನು ನಾನು, ಹೂವಿನ ತಂಟೆ ನಿನಗೇಕೆ ಎಂದು ಅವನು ಸಿಡುಕಿದ. ಮರುದಿನ ಬೆಳಿಗ್ಗೆ ಅಮ್ಮನವರು ಚಿತ್ರ ನೋಡಲು ಬಂದಾಗ ಡಾರ್ಕಸ್ ಅವರೆದುರೇ ನಿಂತು ಅದನ್ನೇ ಕೇಳಿದಳು.

"ಹೂ ನೆಟ್ಟಗಿದ್ರೆ ನನ್ನ ಮಗಳು ಬದುಕಿದಾಳೆ ಅಂದ್ಕೊಳ್ತಾರೆ, ಡಾರ್ಕಸ್. ಬಂದೋರೆಲ್ಲ ಎಲ್ಲಿ ಅವಳು ಅಂತ ಕೇಳ್ತಾರೆ. ನಾನೇನು ಹೇಳ್ಲಿ?"

"ಹಾಗಾದ್ರೆ ಹೂ ಇರ್ಲಿ, ಅಮ್ಮಾವ್ರೇ. ಮುಖ ಬದಲಾಯ್ಸಿ. ಅದು ನನ್ ಮಗಳ ಮುಖ. ಅವಳಿನ್ನೂ ಉಸಿರಾಡ್ತಿದಾಳೆ."

ಬೇರೆ ಮುಖ ಎಲ್ಲಿಂದ ತರಲಿ ಎಂದು ಟಿಲ್ಡನ್ ಕುಂಚ ಕೆಳಗಿಟ್ಟ. ನಾನು ಹೇಳುತ್ತೇನೆ, ನೀವು ಬರೆಯಿರಿ ಎಂದಳು ಡಾರ್ಕಸ್. ಲಿಡಿಯಾಳ ಕಣ್ಣು ಇಷ್ಟು ದೊಡ್ಡದಲ್ಲ, ಎಡರೆಪ್ಪೆ ಸ್ವಲ್ಪ ಜೋಲು. ಮೇಲ್ತುಟಿ ತೆಳ್ಳಗೆ. ಗದ್ದದ ಕೆಳಗೆ ಗೋಧಿಕಾಳಿನಷ್ಟು ಗಾಯದ ಕಲೆ. ಮಧ್ಯಾಹ್ನದವರೆಗೂ ಹೇಳುತ್ತಲೇ ಇದ್ದಳು; ಅವನು ಗೊಣಗುತ್ತ ಒರೆಸಿದ, ಬರೆದ, ಮತ್ತೆ ಒರೆಸಿದ. ಹಲ್ಡಾ ಆ ಚಿತ್ರಪಟದಿಂದ ಮೆಲ್ಲಗೆ ಮಾಯವಾದಳು. ಡಾರ್ಕಸಳಿಗೆ ಹೋದ ಜೀವ ಬಂದಂತಾಯಿತು.

ಅಮ್ಮನವರು ಹತ್ತಿರ ಬಂದು ಗದ್ದದ ಕಲೆಯನ್ನೇ ನೋಡುತ್ತ ನಿಂತರು.

"ಇದು ಯಾವಾಗ ಆಗಿದ್ದು?"

"ಮೂರು ವರ್ಷ ಆಯ್ತು. ಮೆಟ್ಟಿಲ ಮೇಲೆ ಬಿದ್ದಿದ್ಲು. ದಿನಾ ಮುಖ ತೊಳೀತಿದ್ನಲ್ಲ, ಅಮ್ಮಾವ್ರೇ."

ಅಮ್ಮನವರು ಅಲ್ಲೇ ನೆಲದ ಮೇಲೆ ಕೂತರು.

"ನಂಗೆ ಗೊತ್ತೇ ಇರ್ಲಿಲ್ಲ," ಎಂದರು. "ಇನ್ನೂ ಏನೇನಿತ್ತು, ಹೇಳು."