ಕೌದಿಯೊಳಗೆ ಬಿಟ್ಟ ಬಟ್ಟೆ

ಮೂವತ್ತು ವರ್ಷ ಜೆ.ಪಿ. ನಗರದ ಹೆಂಗಸರಿಗೆ ಬ್ಲೌಸ್ ಹೊಲಿದವಳು ನಾನು. ನನ್ನ ಹೊಲಿಗೆಯಲ್ಲಿ ಯಾರಾದರೂ ತಪ್ಪು ಹುಡುಕಿದರೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಮೊಬೈಲ್ ನೋಡಿ ಕೌದಿ ಕಲಿತ ಸೊಸೆ, "ಅತ್ತೆ, ಅರ್ಧ ನೀವು ಹೊಲೀರಿ, ಅರ್ಧ ನಾನು ಹೊಲೀತೀನಿ" ಎಂದಾಗ ಒಳಗೊಳಗೇ ನಕ್ಕೆ.

ಅವಳಿಗೆ ಆಗ ಏಳು ತಿಂಗಳು. ಭಾನುವಾರ ಸೀಮಂತ ಮುಗಿಸಿಕೊಂಡು ತವರಿಗೆ ಹೊರಡುವವಳು. ಅಷ್ಟರೊಳಗೆ ಮಗುವಿನ ಕೌದಿ ಮುಗಿಯಲೇಬೇಕು. ಮಗು ಹುಟ್ಟುವ ಮೊದಲು ಹೊಸ ಬಟ್ಟೆ ಹೊಲಿಯುವ ಪದ್ಧತಿ ನಮ್ಮಲ್ಲಿಲ್ಲ. ಹಳೆಯದಕ್ಕೆ ಅಡ್ಡಿಯಿಲ್ಲವಲ್ಲ! ನನ್ನ ಹತ್ತಿ ಸೀರೆಗಳನ್ನು ಕೊಟ್ಟೆ, ಅವಳು ಅಳೆದು ಕತ್ತರಿಸಿದಳು. ಒಂಬತ್ತು ತುಂಡು ಸೇರಿಸಿದರೆ ಒಂದು ಚೌಕ.

ಗುರುವಾರ ಬೆಳಿಗ್ಗೆ ಇಬ್ಬರ ಚೌಕಗಳನ್ನೂ ನೆಲದ ಮೇಲೆ ಜೋಡಿಸಿದೆವು. ನನ್ನವೆಲ್ಲ ಒಂದೊಂದು ಇಂಚು ಚಿಕ್ಕವು. ಒಂದು ಹೊಲಿಗೆಯೂ ಪಕ್ಕದ್ದಕ್ಕೆ ಕೂಡುತ್ತಿಲ್ಲ.

"ನೀನು ಕತ್ತರಿಸಿದ್ದೇ ಸರಿ ಇಲ್ಲ" ಎಂದು ಹರಿಹಾಯ್ದೆ.

ಅವಳು ನನ್ನ ಚೌಕವನ್ನು ತಿರುವಿ ನೋಡಿದಳು. ನೋಡಿದವಳೇ ಏಳು ತಿಂಗಳ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಹೊಲಿಗೆಯ ಆಚೆ ಕಾಲಿಂಚು ಬಿಡಬೇಕಾದಲ್ಲೆಲ್ಲ ನಾನು ಅರ್ಧ ಇಂಚು ಬಿಟ್ಟಿದ್ದೆ. ಮುಂದೆ ಮೈ ಬಂದರೆ ಬಿಚ್ಚಿ ಸಡಿಲ ಮಾಡಲಿ ಎಂದು ಬ್ಲೌಸಿಗೆ ಬಿಡುತ್ತೇವಲ್ಲ, ಹಾಗೆ.

"ಅತ್ತೆ, ಕೌದಿ ದಪ್ಪ ಆಗಲ್ಲ!"

ನಾಚಿಕೆಯಾಯಿತು, ನಗುವೂ ಬಂತು. "ತಪ್ಪು ನಂದೇ ಕಣೇ" ಎಂದೆ. ಆ ಮಾತು ನನ್ನ ಬಾಯಿಂದ ಸುಲಭಕ್ಕೆ ಬರುವುದಲ್ಲ. ಅವಳು ಮಷೀನಿನ ಸೂಜಿಯಿಂದ ಕಾಲಿಂಚು ದೂರ ಅಳೆದು, ಅಲ್ಲಿ ನನ್ನ ಸ್ಟಿಕರ್ ಬೊಟ್ಟೊಂದನ್ನು ಅಂಟಿಸಿ, "ಬಟ್ಟೆ ಅಂಚು ಇದನ್ನ ಮುಟ್ಕೊಂಡೇ ಹೋಗ್ಬೇಕು" ಎಂದಳು. ಎರಡು ದಿನ ಬಿಚ್ಚಿದ್ದೇ ಬಿಚ್ಚಿದ್ದು, ಹೊಲಿದದ್ದೇ ಹೊಲಿದದ್ದು. ಒಳಗಿನ ಅಂಚನ್ನು ಒಂದು ಸಾಲಿನಲ್ಲಿ ಎಡಕ್ಕೆ, ಮುಂದಿನದರಲ್ಲಿ ಬಲಕ್ಕೆ ಮಡಿಸಿ ಇಸ್ತ್ರಿ ಮಾಡಿದರೆ ಎರಡು ಸಾಲಿನ ಹೊಲಿಗೆಗಳೂ ಒಂದಕ್ಕೊಂದು ಕಚ್ಚಿಕೊಂಡು ಕೂರುತ್ತವೆ. ಅದನ್ನೂ ಅವಳಿಂದಲೇ ಕಲಿತೆ. ಶನಿವಾರ ನಾಲ್ಕು ಚೌಕಗಳ ಮೂಲೆಗಳು ಒಂದೇ ಕಡೆ ಬಂದು ಸೇರಿದಾಗ ಕುಣಿದುಬಿಡೋಣ ಅನಿಸುವಷ್ಟು ಖುಷಿಯಾಯಿತು.

ಸುತ್ತಲಿನ ಪಟ್ಟಿ ಮಾತ್ರ ಆ ರಾತ್ರಿ ನಾನೊಬ್ಬಳೇ ಹೊಲಿದೆ. ಭಾನುವಾರ ಹೊರಡುವಾಗ ಅವಳು ಕೌದಿ ಮಡಿಸುತ್ತಾ, ಕೆಳಗಿನ ಅಂಚು ದಪ್ಪಗಿರುವುದನ್ನು ಮುಟ್ಟಿ ನೋಡಿ ನನ್ನತ್ತ ತಿರುಗಿದಳು.

"ಅತ್ತೆ, ಇಲ್ಲಿ ಮತ್ತೆ ಬಟ್ಟೆ ಬಿಟ್ಟಿದ್ದೀರಾ?"

"ಹೂಂ, ಒಂದು ಗೇಣು ಒಳಗೆ ಮಡಿಸಿದ್ದೀನಿ. ಕೌದಿ ದಪ್ಪ ಆಗಲ್ಲ, ಸರಿ. ಮಗು ಉದ್ದ ಆಗತ್ತಲ್ಲ?"

ಅವಳು ನಕ್ಕು, ಆ ಅಂಚನ್ನು ಬಿಚ್ಚದೆ ಹಾಗೇ ಮಡಿಸಿದಳು. ಕೌದಿಯನ್ನು ಎದೆಗೊತ್ತಿಕೊಂಡೇ ಕಾರು ಹತ್ತಿದಳು.